ಹನ್ನೊಂದು ದಿನ ಸುರಿದ ಚಹಾ

"ನಿನ್ನ ಮನೆ ಎಲ್ಲಿ ಅಂತ ಕೇಳಿದ್ರೆ ನಾನು ಏನು ಹೇಳ್ಲಿ ಹೇಳು. ಫೂಯಾಂಗ್ ಹತ್ರ ನಮ್ಮೂರಲ್ಲಿ ಎರಡು ಅಂತಸ್ತಿನ ಮನೆ ಇದೆ. ಕಟ್ಟಿಸಿ ಹನ್ನೆರಡು ವರ್ಷ ಆಯ್ತು. ಅದರಲ್ಲಿ ನಾನು ಮಲಗಿದ ದಿನ ಎಲ್ಲಾ ಸೇರಿಸಿದ್ರೂ ಎರಡು ತಿಂಗಳಾಗಲ್ಲ. ಹೊಸ ವರ್ಷಕ್ಕೆ ಹೋಗ್ತೀನಿ, ಕಿಟಕಿ ಒರೆಸ್ತೀನಿ, ಗಂಡ ಬಂದಿರ್ತಾನೆ, ಇಬ್ಬರೂ ಪರಿಚಯ ಮಾಡ್ಕೊಳ್ಳೋ ಹೊತ್ತಿಗೆ ಅವನ ಬಸ್ಸು ಒಂದು ಕಡೆ, ನನ್ನ ರೈಲು ಒಂದು ಕಡೆ. ನನ್ನ ನಿಜವಾದ ಮನೆ ಮಡಚೋ ಮಂಚ. ಬೆಳಿಗ್ಗೆ ಆರಕ್ಕೆ ಮಡಚಿ ಗೋಡೆಗೆ ಒರಗಿಸಿದ್ರೆ ಮನೆ ಮುಗೀತು. ಇಪ್ಪತ್ತೊಂದು ವರ್ಷದಲ್ಲಿ ಎಷ್ಟು ಜನರ ಪಕ್ಕ ಆ ಮಂಚ ಹಾಕಿದೀನೋ ಲೆಕ್ಕ ಇಟ್ಟಿಲ್ಲ. ಅವರ ಕೆಮ್ಮು ಕೇಳಿದ್ರೆ ಸಾಕು, ನೀರು ಬೇಕಾ, ಬೋಗುಣಿ ಬೇಕಾ, ಇಲ್ಲ ಸುಮ್ನೆ ಯಾರಾದ್ರೂ ಇದಾರಾ ಅಂತ ನೋಡ್ತಿದಾರಾ ಅಂತ ಹೇಳ್ತೀನಿ. ಎಲ್ಲಾ ಕಡೆ ನಾನು ಹೊರಗಿನವಳು. ಬೇಜಾರಾದ್ರೆ ಕಾರಿಡಾರಿಗೆ ಹೋಗಿ ನಾಲ್ಕು ಜನರ ಹತ್ರ ಮಾತಾಡಿ ಬರ್ತಿದ್ದೆ. ಕೊನೇ ಕೋಣೆಗೆ ಹೋದ ಮೇಲೆ ಅದೂ ಹೋಯ್ತು. ಒಳಗಡೆ ಇರೋಳಿಗೆ ಬಾಗಿಲು ಅಂದ್ರೆ ಏನು ಅಂತ ಅಲ್ಲಿ ಗೊತ್ತಾಯ್ತು ನನಗೆ."

ಹೀಗೆ ಹೇಳುತ್ತಿದ್ದವಳು ರುವಾನ್ ಲಾನ್‌ಮೇ. ಹಾಂಗ್‌ಝೌ ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ನರ್ಸಲ್ಲ. ಮನೆಯವರಿಗೆ ಬಿಡುವಿಲ್ಲದಿದ್ದಾಗ ಕೂಲಿಗೆ ಇಟ್ಟುಕೊಳ್ಳುತ್ತಾರಲ್ಲ, ಹಗಲೂ ರಾತ್ರಿ ರೋಗಿಯ ಪಕ್ಕದಲ್ಲೇ ಇದ್ದು ಉಣಿಸುವವಳು, ತೊಳೆಯುವವಳು, ಮಗ್ಗುಲು ಬದಲಿಸುವವಳು, ಅವಳು. ಐವತ್ತನಾಲ್ಕು ವರ್ಷ. ಮೂರನೇ ತರಗತಿಯವರೆಗೆ ಓದಿದ್ದಳು. ತನ್ನ ಹೆಸರು ಬರೆಯಲು ಬರುತ್ತಿತ್ತು, ಆದರೆ ಪ್ರತಿ ಗೆರೆಯನ್ನೂ ಹೊಲಿಗೆ ಹಾಕುವಂತೆ ನಿಧಾನವಾಗಿ ಹಾಕುತ್ತಿದ್ದಳು.

ಕಾರಿಡಾರಿನ ಕೊನೆಯ ಕೋಣೆಯ ಬಾಗಿಲಿಗೆ ನೀಲಿ ಚೀಟಿ ಅಂಟಿಸಿತ್ತು. ಯಾವ ಔಷಧಿಗೂ ಬಗ್ಗದ ಕ್ರಿಮಿ ಒಳಗಿದೆ ಎಂದು ಅದರ ಅರ್ಥ. ಒಳಗೆ ಹೋಗುವವರು ನಿಲುವಂಗಿ, ಕೈಗವಸು ಹಾಕಬೇಕು, ಬರುವಾಗ ಎಲ್ಲವನ್ನೂ ಹಳದಿ ಚೀಲಕ್ಕೆ ಬಿಸಾಡಬೇಕು. ಅಲ್ಲಿ ಇರಲು ಒಪ್ಪಿದ ಹೆಂಗಸು ಬೇರೆ ರೋಗಿಯ ಬಳಿ ಹೋಗುವಂತಿಲ್ಲ, ಊಟದ ಮನೆಗೆ ಹೋಗುವಂತಿಲ್ಲ. ಉಳಿದವರೆಲ್ಲ ಬೇಡವೆಂದರು. ಲಾನ್‌ಮೇ ಒಪ್ಪಿದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಕೋಣೆಗೆ ಬೇರೆಯೇ ಬಚ್ಚಲಿದೆಯೇ ಎಂದು. ಇದೆ ಎಂದರು.

ಒಳಗಿದ್ದವರು ಶೀ ಮೇಸ್ತ್ರಿ. ಎಪ್ಪತ್ತೊಂದು ವರ್ಷ. ಪಶ್ಚಿಮದ ಗುಡ್ಡಗಳಲ್ಲಿ ಚಹಾ ಎಲೆ ಹುರಿಯುವ ಮೇಸ್ತ್ರಿಗಳಲ್ಲಿ ಹೆಸರು ಮಾಡಿದವರು. ಆ ಕೆಲಸಕ್ಕೆ ಸೌಟಿಲ್ಲ, ಕೈಗವಸಿಲ್ಲ. ಕಾದ ಬಾಣಲೆಯೊಳಗೆ ಬರಿಗೈ ಇಟ್ಟು ಎಲೆಯನ್ನು ಒತ್ತಬೇಕು, ಎತ್ತಬೇಕು, ಕೊಡವಬೇಕು. ಆ ವಸಂತದಲ್ಲಿ ಬಾಣಲೆಯ ಅಂಚು ತಾಗಿ ಬಲಗೈಯ ಕಿರುಬೆರಳ ಬುಡ ಸುಟ್ಟಿತ್ತು. ಸಕ್ಕರೆ ಕಾಯಿಲೆಯ ಮೈ. ಸುಗ್ಗಿ ಮುಗಿಯಲಿ ಎಂದು ತಿಂಗಳು ತಳ್ಳಿದರು. ಆಸ್ಪತ್ರೆಗೆ ಬರುವಷ್ಟರಲ್ಲಿ ಕೈ ಮಣಿಕಟ್ಟಿನವರೆಗೆ ಊದಿ ಕೀವು ಇಳಿಯುತ್ತಿತ್ತು. ಐದು ಬಗೆಯ ಔಷಧಿ ನರದೊಳಗೆ ಹೋಯಿತು, ಐದೂ ಸೋತವು. ಮಣಿಕಟ್ಟಿನಲ್ಲಿ ಕತ್ತರಿಸುವುದೇ ದಾರಿ ಎಂದರು ಶಸ್ತ್ರಚಿಕಿತ್ಸೆಯ ವೈದ್ಯರು.

ಆಗ ಬಂದವರು ಬಿಯಾನ್ ಎಂಬ ಡಾಕ್ಟರು. ನಲವತ್ತರ ಹೆಣ್ಣುಮಗಳು, ಸಣ್ಣ ದನಿ. ಅವರ ಪ್ರಯೋಗಶಾಲೆಯಲ್ಲಿ ಮಾಡಿದ ಹೊಸ ಔಷಧಿಯೊಂದನ್ನು ಕೆಲವು ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಕರಿ ಎಳ್ಳು ನುಣ್ಣಗೆ ರುಬ್ಬಿದ ಹಾಗೆ ಕಾಣುವ ಲೇಪ.

"ಇದರಲ್ಲಿ ಏನಿದೆ?" ಎಂದು ಕೇಳಿದರು ಮೇಸ್ತ್ರಿ.

"ಕಬ್ಬಿಣದ ಪುಡಿ."

"ನಮ್ಮ ಬಾಣಲೆ ಉಜ್ಜಿದ್ರೂ ಅದೇ ಬರುತ್ತೆ. ಇದಕ್ಕೆ ನೀವು ಇಷ್ಟೊಂದು ಓದಬೇಕಾಗಿತ್ತಾ?"

ಡಾಕ್ಟರು ನಕ್ಕರು. ಮುಖಗವಸಿನ ಮೇಲೆ ಕಣ್ಣು ಮಾತ್ರ ಕಂಡಿತು. "ಬಾಣಲೆ ಪುಡಿಗಿಂತ ಸಾವಿರಾರು ಪಾಲು ಸಣ್ಣದು ಮೇಸ್ತ್ರಿಗಳೇ. ರುವಾನ್ ಅಕ್ಕ, ನಿಮ್ಮೂರಲ್ಲಿ ಹಬೆ ಬನ್ನು ಮಾಡೋಕೆ ಹಿಟ್ಟಿಗೆ ಹುದುಗು ಹಾಕ್ತೀರಲ್ಲ? ಚೂರು ಹಾಕಿದ್ರೆ ಇಡೀ ಹಿಟ್ಟು ಉಬ್ಬುತ್ತೆ. ನಮ್ಮ ಮೈಯೊಳಗೂ ಅಂಥಾ ಕೆಲಸಗಾರರಿದ್ದಾರೆ, ಕಿಣ್ವ ಅಂತಾರೆ. ಈ ಕಬ್ಬಿಣದ ಪುಡಿ ಅದರ ವೇಷ ಹಾಕ್ಕೊಂಡಿರೋದು. ವೇಷ ಹಾಕಿದ್ರೂ ಕೆಲಸ ಮಾತ್ರ ನಿಜ. ಮೇಲಿಂದ, ಗಾಯಕ್ಕೆ ಬಿದ್ರೆ ನೊರೆ ಬರೋ ಈ ನೀರು ನಾಲ್ಕು ಹನಿ ಬಿಟ್ರೆ ಅದರಿಂದ ಕಣ್ಣಿಗೆ ಕಾಣದ ಕಿಡಿ ಎಬ್ಬಿಸುತ್ತೆ. ಔಷಧಿಯಿಂದ ತಪ್ಪಿಸ್ಕೊಳ್ಳೋದು ಕ್ರಿಮಿ ಕಲ್ತಿದೆ. ಕಿಡಿಯಿಂದ ತಪ್ಪಿಸ್ಕೊಳ್ಳೋದು ಇನ್ನೂ ಕಲ್ತಿಲ್ಲ."

ಬೆಳಿಗ್ಗೆ ಒಂಬತ್ತಕ್ಕೆ ನರ್ಸು ಬಂದು ಗಾಯ ತೊಳೆದು ಲೇಪ ತುಂಬಿ ಹನಿ ಬಿಟ್ಟು ಪಟ್ಟಿ ಕಟ್ಟುತ್ತಿದ್ದಳು. ಮೂರು ಗಂಟೆಗೆ ಮತ್ತೆ ಬಂದು ಪಟ್ಟಿಯ ಮೇಲೆ ಹನಿ ಬಿಡುತ್ತಿದ್ದಳು. ಪ್ರತಿ ಸಂಜೆ ಒಂದು ಕಾಗದಕ್ಕೆ ಲಾನ್‌ಮೇ ಸಹಿ ಹಾಕಬೇಕು. ಏನು ಬರೆದಿದೆ ಎಂದು ಅವಳು ಓದಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಆಸ್ಪತ್ರೆಯ ಕಾಗದವನ್ನು ಓದಿ ಸಹಿ ಹಾಕಿದವಳನ್ನು ಅವಳು ಕಂಡಿರಲಿಲ್ಲ.

ಎರಡನೆಯ ದಿನವೇ ಮೇಸ್ತ್ರಿ ಕೈ ಉರಿಯುತ್ತದೆ ಎಂದರು. ಅದಕ್ಕಿಂತ ಹೆಚ್ಚಾಗಿ ವಾಸನೆ ಅವರನ್ನು ಕೊಲ್ಲುತ್ತಿತ್ತು. ಯಾವ ಗುಡ್ಡದ ಎಲೆ, ಯಾವ ವಾರ ಕೊಯ್ದದ್ದು ಎಂದು ಮೂಗಿನಿಂದಲೇ ಹೇಳುತ್ತಿದ್ದ ಮನುಷ್ಯ, ತನ್ನದೇ ಕೈಯ ಕೀವಿನ ನಾತಕ್ಕೆ ಮುಖ ತಿರುಗಿಸಿ ಮಲಗುತ್ತಿದ್ದರು.

"ಲಾನ್‌ಮೇ, ಮಗಳು ತಂದ ಆ ಚಹಾ ಡಬ್ಬಿ ತಗೊಳ್ಳಮ್ಮ. ಮುಷ್ಟಿ ಎಲೆ ಹಾಕಿ ಕುದಿನೀರು ಸುರಿ. ಕಡು ಆಗ್ಬೇಕು, ನಾಲಿಗೆ ಕಚ್ಚೋ ಹಾಗೆ. ಆರಲಿ. ಆಮೇಲೆ ಪಟ್ಟಿ ಮೇಲೆ ನಿಧಾನಕ್ಕೆ ಸುರಿ."

"ಡಾಕ್ಟರನ್ನ ಕೇಳೋದು ಬೇಡ್ವಾ?"

"ಏನು ಕೇಳ್ತೀಯ? ನಾನು ಹತ್ತೊಂಬತ್ತಕ್ಕೆ ಬಾಣಲೆ ಮುಂದೆ ಕೂತವನು. ಆ ವರ್ಷ ಅಂಗೈ ತುಂಬಾ ಬೊಬ್ಬೆ. ನಮ್ಮ ಮೇಸ್ತ್ರಿ ಹಿಂದಿನ ದಿನದ ಚಹಾದಲ್ಲಿ ಕೈ ಅದ್ದಿಸಿದ್ರು. ನಮ್ಮಲ್ಲಿ ಎಲ್ಲರದ್ದೂ ಅದೇ ಮದ್ದು. ಐವತ್ತು ವರ್ಷದಲ್ಲಿ ಒಬ್ಬನ ಕೈಯೂ ಕೊಳೆತಿಲ್ಲ. ಈ ಸಲ ಮಾತ್ರ ಸುಗ್ಗಿ ಗಡಿಬಿಡೀಲಿ ನಾನು ಅದ್ದಲಿಲ್ಲ. ಅದಕ್ಕೇ ಹೀಗಾಯ್ತು."

ಅವರು ಹೇಳುವ ರೀತಿಯೇ ಹಾಗಿತ್ತು, ಸುಳ್ಳಿರಲು ಸಾಧ್ಯವಿಲ್ಲ ಎನ್ನುವಂತೆ. ಲಾನ್‌ಮೇ ಸುರಿದಳು. ಉರಿ ತಣಿಯಿತು. ಕೋಣೆಯಲ್ಲಿ ಹುರಿದ ಎಲೆಯ ಪರಿಮಳ ಹಬ್ಬಿತು, ಮೇಸ್ತ್ರಿ ಆ ಮಧ್ಯಾಹ್ನ ಗೋಡೆಯ ಕಡೆ ತಿರುಗದೆ ಮಲಗಿದರು. ಅಂದಿನಿಂದ ದಿನಕ್ಕೆರಡು ಸಲ, ನರ್ಸು ಹೋದ ಮೇಲೆ ಅವಳು ಚಹಾ ಸುರಿದಳು. ಪಟ್ಟಿಗೆ ಇಳಿದ ಲೇಪದ ಕಲೆಯೂ ಕಂದು, ಚಹಾದ ಕಲೆಯೂ ಕಂದು. ಪಟ್ಟಿ ಬಿಚ್ಚಿದ ನರ್ಸಿಗೆ ಏನೂ ತಿಳಿಯಲಿಲ್ಲ.

ಕೈಯ ಊತ ಮಾತ್ರ ಇಳಿಯಲಿಲ್ಲ.

ದಿನಗಳು ಒಂದರ ಮೇಲೊಂದು ಬಿದ್ದವು. ಕಿಟಕಿ ತೆರೆಯುವಂಥದ್ದಲ್ಲ. ಹೊರಗೆ ಎದುರು ಕಟ್ಟಡದ ಗೋಡೆ, ಅದರ ಮೇಲೆ ಎ.ಸಿ. ಯಂತ್ರಗಳ ಸಾಲು. ಅವು ಹದಿನೆಂಟು ಎಂದು ಲಾನ್‌ಮೇಗೆ ಗೊತ್ತು, ಆರನೆಯದರಿಂದ ನೀರು ತೊಟ್ಟಿಕ್ಕುತ್ತದೆ ಎಂದೂ ಗೊತ್ತು. ಊಟದ ತಟ್ಟೆ ಬಾಗಿಲ ಬಳಿ ಇಟ್ಟು ಬಡಿದು ಹೋಗುತ್ತಿದ್ದರು. ಕಾರಿಡಾರಿನಲ್ಲಿ ಯಾರಾದರೂ ನಕ್ಕರೆ ಅವಳು ಬಾಗಿಲಿಗೆ ಕಿವಿ ಕೊಡುತ್ತಿದ್ದಳು, ಏನು ವಿಷಯವೆಂದು ಅರ್ಧ ಗಂಟೆ ಊಹಿಸುತ್ತಿದ್ದಳು. ಮೇಸ್ತ್ರಿಯ ಮಗಳು ಯಾಪಿಂಗ್ ಭಾನುವಾರ ಬಂದು ಬಾಗಿಲ ಗಾಜಿನ ಆಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು.

"ಅಪ್ಪಾ, ರುವಾನ್ ಅಕ್ಕನ ಮಾತು ಕೇಳ್ತಿದೀಯಾ?"

"ಇವಳ ಮಾತು ಕೇಳದೆ ಇರೋಕೆ ಎಲ್ಲಿ ಹೋಗ್ಲಿ? ನಾಲ್ಕು ಹೆಜ್ಜೆ ಹಾಕಿದ್ರೆ ಗೋಡೆ."

"ನಿಮ್ಮಪ್ಪ ಗೊರಕೆ ಹೊಡೆದ್ರೆ ಆಚೆ ಕಟ್ಟಡದ ಮಿಷನ್ ನಿಂತುಹೋಗುತ್ತೆ ಯಾಪಿಂಗ್, ನಾನೇನು ಅಂತೀನಾ?" ಎಂದು ಲಾನ್‌ಮೇ ಕೂಗುತ್ತಿದ್ದಳು. ಹೋಗುವಾಗ ಯಾಪಿಂಗ್ ಬಾಗಿಲ ಬಳಿ ಚಹಾದ ಹೊಸ ಡಬ್ಬಿ ಇಟ್ಟು ಹೋಗುತ್ತಿದ್ದಳು.

ಲೇಪ ಹಚ್ಚಲು ಶುರುವಾಗಿ ಹನ್ನೆರಡನೆಯ ದಿನ, ಬುಧವಾರ ಮಧ್ಯಾಹ್ನ ಡಾಕ್ಟರ್ ಬಿಯಾನ್ ಒಬ್ಬರೇ ಬಂದರು. ಪಟ್ಟಿ ಬಿಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು.

"ನಿಮ್ಮ ಕೀವಿನ ಕ್ರಿಮೀನ ತಟ್ಟೇಲಿ ಬೆಳೆಸಿ ಲೇಪ ಹಾಕಿದೀವಿ ಮೇಸ್ತ್ರಿಗಳೇ. ಅಲ್ಲಿ ಒಂದೂ ಉಳೀತಿಲ್ಲ. ಇಲ್ಲಿ ಒಂದೂ ಸಾಯ್ತಿಲ್ಲ. ಉಳಿದ ಎಂಟು ಜನರಿಗೆ ವಾಸಿ ಆಗ್ತಿದೆ. ನನಗೆ ಅರ್ಥ ಆಗ್ತಿಲ್ಲ." ಆಮೇಲೆ ಲಾನ್‌ಮೇ ಕಡೆ ತಿರುಗಿ, "ಅಕ್ಕ, ವಿಟಮಿನ್ ಮಾತ್ರೆ ಏನಾದ್ರೂ ಗಾಯದ ಮೇಲೆ ಪುಡಿ ಮಾಡಿ ಹಾಕಿದ್ರಾ? ಕಿತ್ತಳೆ ರಸ, ನಾಟಿ ಮುಲಾಮು? ಅಂಥವು ಆ ಕಿಡೀನ ನಂದಿಸಿಬಿಡುತ್ವೆ."

"ಕಿತ್ತಳೆ ಇಲ್ಲಮ್ಮ," ಎಂದಳು ಲಾನ್‌ಮೇ. ಅದು ನಿಜವೇ ಆಗಿತ್ತು.

"ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಅಂತ ಬರೆದಿದ್ದಾರೆ. ನಾನು ಇನ್ನು ತಡೆಯೋಕಾಗಲ್ಲ. ಕ್ರಿಮಿ ಮೂಳೆಗೆ ಇಳಿದ್ರೆ ಜೀವಕ್ಕೇ ಬರುತ್ತೆ."

ಡಾಕ್ಟರು ಹೋದ ಮೇಲೆ ಲಾನ್‌ಮೇ ಮೇಜಿನ ಮೇಲಿದ್ದ ಚಹಾದ ಪಾತ್ರೆಯನ್ನು ನೋಡಿದಳು. ಆರಿ ಕಪ್ಪಾಗಿತ್ತು, ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು. ಕಿತ್ತಳೆಯ ಹುಳಿ ಕಿಡಿಯನ್ನು ನಂದಿಸುತ್ತದೆ ಎಂದಾದರೆ ನಾಲಿಗೆ ಕಚ್ಚುವ ಈ ಒಗರು ಏನು ಮಾಡುತ್ತದೆ? ಓದು ಬಾರದಿದ್ದರೂ ಅಷ್ಟು ಅವಳಿಗೆ ಹೊಳೆಯಿತು.

"ಮೇಸ್ತ್ರಿ, ನಾವು ಹೇಳಿಬಿಡೋಣ."

ಅವರಿಗೂ ಹೊಳೆದಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು. "ಬೇಡ."

"ಡಾಕ್ಟರಿಗೆ ಗೊತ್ತಾದ್ರೆ..."

"ಗೊತ್ತಾದ್ರೆ ನನ್ನ ಹೆಸರು ಹೊಡೆದು ಹಾಕ್ತಾರೆ. ಮೊದಲ ದಿನವೇ ಓದಿ ಹೇಳಿದ್ರು, ನಿಯಮ ಮುರಿದವರಿಗೆ ಲೇಪ ಇಲ್ಲ ಅಂತ. ಲೇಪ ಇಲ್ಲ ಅಂದ್ರೆ ಕತ್ತಿ. ಇವತ್ತಿಂದ ಚಹಾ ನಿಲ್ಲಿಸು. ಬಾಯಿ ಮುಚ್ಕೊಂಡಿರು."

"ನಾಡಿದ್ದು ಬೆಳಿಗ್ಗೆ ಕತ್ತಿ ಬರುತ್ತಲ್ಲ. ಎರಡು ದಿನದಲ್ಲಿ ಏನು ವಾಸಿಯಾಗುತ್ತೆ?"

ಮೇಸ್ತ್ರಿ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಕ್ಕೆ ಎಳೆದುಕೊಂಡರು. "ನಿನಗೇನು ಉಳಿಯುತ್ತೆ ಹೇಳಿದ್ರೆ? ನಿನ್ನ ಕೆಲಸ ಹೋಗುತ್ತೆ. ಗಾಯಕ್ಕೆ ಕೈ ಹಾಕಿದವಳನ್ನ ಯಾವ ಆಸ್ಪತ್ರೆ ಒಳಗೆ ಬಿಡುತ್ತೆ?" ಎಂದರು.

ಅದೂ ಸುಳ್ಳಲ್ಲ. ಕಾಗದದಲ್ಲಿ ಹನ್ನೊಂದು ಸಹಿ ಅವಳದೇ. ಹೇಳಿದರೆ ಲೇಪ ಹೋಗುತ್ತದೆ, ಕೈ ಹೋಗುತ್ತದೆ, ತನ್ನ ಅನ್ನವೂ ಹೋಗುತ್ತದೆ. ಹೇಳದಿದ್ದರೆ ಶುಕ್ರವಾರ ಕೈ ಹೋಗುತ್ತದೆ. ಯಾವ ಕಡೆ ತಿರುಗಿದರೂ ನಾಲ್ಕು ಹೆಜ್ಜೆಗೆ ಗೋಡೆ. ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಒಬ್ಬಳೇ ಇರಲು ಅವಳಿಗಿದ್ದ ಜಾಗ ಅದೊಂದೇ.

ಹೊರಗೆ ಬಂದಾಗ ಮೇಸ್ತ್ರಿ ನಿದ್ದೆ ಹೋಗಿದ್ದರು. ಪಟ್ಟಿ ಕಟ್ಟಿದ ಬಲಗೈ ದಿಂಬಿನ ಮೇಲೆ ಮೆಲ್ಲಗೆ ಅಲುಗುತ್ತಿತ್ತು. ಒತ್ತುವುದು, ಎತ್ತುವುದು, ಕೊಡವುವುದು. ಮತ್ತೆ ಒತ್ತುವುದು. ನಿದ್ದೆಯಲ್ಲಿ ನೋವಿಗೆ ಮುಖ ಹಿಂಡುತ್ತಿದ್ದರೂ ಕೈ ನಿಲ್ಲಲಿಲ್ಲ. ಲಾನ್‌ಮೇ ಮಡಚುವ ಮಂಚದ ಅಂಚಿನಲ್ಲಿ ಕುಳಿತು ಅದನ್ನೇ ನೋಡಿದಳು. ಮೂರಕ್ಕೆ ಹನಿ ಬಿಡಲು ನರ್ಸು ಬಂದಾಗ ಕಾಗದವನ್ನು ಈಗಲೇ ಓದಿ ಹೇಳು ಎಂದಳು.

"ಯಾಕಕ್ಕ, ಇಷ್ಟು ದಿನ ಇಲ್ಲದ್ದು ಇವತ್ತು?"

"ನನಗೂ ಗೊತ್ತಾಗಲಿ, ನಾನು ಏನಕ್ಕೆ ಸಹಿ ಹಾಕಿದೀನಿ ಅಂತ."

ನರ್ಸು ಓದಿದಳು. ಗಾಯದ ಮೇಲೆ ಕೊಟ್ಟ ಔಷಧಿಯ ಹೊರತು ಬೇರೇನನ್ನೂ ಹಾಕಿಲ್ಲ ಎಂದು ಬರೆದಿತ್ತು. ಒಂದೇ ಸಾಲು.

ಲಾನ್‌ಮೇ ಸಹಿ ಹಾಕದೆ ಪೆನ್ನು ಹಿಂದಕ್ಕೆ ಕೊಟ್ಟಳು. "ಡಾಕ್ಟರ್ ಬಿಯಾನ್ ಅವರನ್ನ ಕರಿ. ಈಗಲೇ ಬರಬೇಕು ಅನ್ನು."

ಡಾಕ್ಟರು ಬಂದಾಗ ಮೇಸ್ತ್ರಿ ಎಚ್ಚರವಾಗಿದ್ದರು. ಲಾನ್‌ಮೇ ಅವರ ಕಡೆ ನೋಡದೆ, ಚಹಾದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತು, ಎಲ್ಲ ಹೇಳಿದಳು. ಯಾವ ದಿನದಿಂದ, ದಿನಕ್ಕೆ ಎಷ್ಟು ಸಲ, ಎಷ್ಟು ಎಲೆ. "ಅವರು ಹೇಳಿದ್ರು ಅಂತ ಅಲ್ಲ, ಸುರಿದಿದ್ದು ನನ್ನ ಕೈ," ಎಂದಳು.

ಡಾಕ್ಟರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅವರ ನಿಲುವಂಗಿ ಸದ್ದು ಮಾಡಿತು.

"ಹನ್ನೊಂದು ದಿನ ನಾನು ಸರಿಯಾಗಿ ನಿದ್ದೆ ಮಾಡಿಲ್ಲ ರುವಾನ್ ಅಕ್ಕ. ಲೇಪ ಕಲಸೋದ್ರಲ್ಲಿ ತಪ್ಪಾಯ್ತಾ ಅಂತ ಮೂರು ಸಲ ಹೊಸದಾಗಿ ಕಲಸಿದೀನಿ."

"ಬೈಯಿರಿ ಅಮ್ಮ."

"ಬೈದು ಏನು ಮಾಡ್ಲಿ." ಆಮೇಲೆ ಅವರೇ ನಿಧಾನವಾಗಿ ಹೇಳಿದರು, "ಏನೇನು ಹಾಕಬಾರದು ಅಂತ ನಾವು ಎರಡು ಪುಟ ಪಟ್ಟಿ ಬರೆದಿದ್ವಿ. ಕಿತ್ತಳೆ ಇದೆ, ಜೇನುತುಪ್ಪ ಇದೆ, ಅರಿಶಿನ ಕೂಡ ಇದೆ. ಬರೀವಾಗ ನಾವು ಐದು ಜನರೂ ಲೋಟ ಲೋಟ ಚಹಾ ಕುಡೀತಾ ಕೂತಿದ್ವಿ. ಒಬ್ಬರಿಗೂ ಹೊಳೀಲಿಲ್ಲ."

"ನನ್ನ ಹೆಸರು ಹೊಡೀತೀರಾ?" ಎಂದರು ಮೇಸ್ತ್ರಿ.

"ಪರೀಕ್ಷೆ ಪಟ್ಟಿಯಿಂದ ಹೊಡೀಲೇಬೇಕು. ಪಟ್ಟಿ ಹೊರಗಿನ ಒಬ್ಬರಿಗೆ ಲೇಪ ಕೊಡೋಕೆ ಬೇರೆ ಅನುಮತಿ ಬೇಕು. ಸಿಗುತ್ತೆ ಅಂತ ಮಾತು ಕೊಡಲ್ಲ. ಕೇಳ್ತೀನಿ."

ಡಾಕ್ಟರು ಪಾತ್ರೆಯ ಚಹಾವನ್ನು ಸೀಸೆಗೆ ತುಂಬಿಸಿಕೊಂಡು ಹೋದರು. ಗುರುವಾರ ಸಂಜೆ ಎರಡು ಗಾಜಿನ ತಟ್ಟೆಗಳ ಚಿತ್ರವನ್ನು ಬಾಗಿಲ ಗಾಜಿಗೆ ಒತ್ತಿ ತೋರಿಸಿದರು. ಲೇಪ ಮಾತ್ರ ಹಾಕಿದ ತಟ್ಟೆ ತಿಳಿಯಾಗಿತ್ತು. ಚಹಾ ಬೆರೆಸಿದ ತಟ್ಟೆಯ ತುಂಬ ಬಿಳಿ ಚುಕ್ಕೆ, ಅಕ್ಕಿ ಚೆಲ್ಲಿದ ಹಾಗೆ. ಆ ಚಿತ್ರವನ್ನು ನೋಡಿ ಶಸ್ತ್ರಚಿಕಿತ್ಸೆಯ ವೈದ್ಯರು ಒಂದು ವಾರ ಬಿಟ್ಟುಕೊಟ್ಟರು, ಜ್ವರ ಏರಿದರೆ ಆ ಕ್ಷಣವೇ ಕತ್ತರಿಸುವ ಷರತ್ತಿನ ಮೇಲೆ. ಯಾಪಿಂಗ್ ಓಡಿ ಬಂದು ಹೊಸ ಕಾಗದಕ್ಕೆ ಸಹಿ ಹಾಕಿದಳು. ಅನುಮತಿ ಬಂತು.

ತಾನು ಬೇಡವೆಂದದ್ದನ್ನು ಹೇಳಿಬಿಟ್ಟಳೆಂದು ಮೇಸ್ತ್ರಿ ಲಾನ್‌ಮೇ ಜೊತೆ ಮಾತು ಬಿಟ್ಟರು.

ಹಿಂದೆ ಜಗಳವಾದರೆ ಅವಳು ಕಾರಿಡಾರಿಗೆ ಹೋಗುತ್ತಿದ್ದಳು. ಇಲ್ಲಿ ಹೋಗಲು ಎಲ್ಲಿದೆ? ಅವಳು ಗಂಜಿ ಹಿಡಿದರೆ ಅವರು ಎಡಗೈಯಿಂದ ಚಮಚ ಕಿತ್ತುಕೊಂಡು ಅರ್ಧ ಚೆಲ್ಲಿ ಉಣ್ಣುತ್ತಿದ್ದರು. ನೀರು ಬೇಕೆಂದರೆ ಕೆಮ್ಮುತ್ತಿದ್ದರು, ಅವಳು ಕೊಡುತ್ತಿದ್ದಳು. ಕೆಲಸಕ್ಕೆ ಕಳಿಸಿದ ಸಂಸ್ಥೆಯವನು ಫೋನು ಮಾಡಿ ನಿನ್ನನ್ನು ತೆಗೆದುಹಾಕಿದ್ದೇನೆ ಎಂದ. ಸರಿ, ಹೊರಡುತ್ತೇನೆ ಎಂದಳು. ಎರಡು ಗಂಟೆಯ ಬಳಿಕ ಮತ್ತೆ ಫೋನು. ಒಂಬತ್ತು ಹೆಂಗಸರನ್ನು ಕೇಳಿದನಂತೆ, ನೀಲಿ ಚೀಟಿಯ ಕೋಣೆ ಎಂದೊಡನೆ ಒಂಬತ್ತೂ ಜನ ಬೇಡವೆಂದರಂತೆ.

"ಆ ಮೇಸ್ತ್ರಿ ಆಸ್ಪತ್ರೆಯಿಂದ ಹೊರಗೆ ಹೋಗೋವರೆಗೂ ಇರು. ಆಮೇಲೆ ನಿನ್ನ ತೆಗೆದುಹಾಕಿದ್ದೀನಿ ಅಂತ ತಿಳ್ಕೋ."

"ತೆಗೆದವಳನ್ನ ಇಟ್ಕೊಂಡಿರೋದು ನಿನ್ನೊಬ್ಬನಿಂದಲೇ ಆಗೋದು ಕಣಪ್ಪ," ಎಂದಳು ಲಾನ್‌ಮೇ.

ಶನಿವಾರ ಅವಳ ಮೂಗಿಗೂ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ಕ್ರಿಮಿ ಅವಳಲ್ಲೂ ಕೂತಿತ್ತು. ಕಾಯಿಲೆಯಿಲ್ಲ, ಜ್ವರವಿಲ್ಲ, ಸುಮ್ಮನೆ ಕೂತಿತ್ತು. ಒಂದರ ಹಿಂದೊಂದು ಮೂರು ಸಲ ಪರೀಕ್ಷೆ ಚೊಕ್ಕಟವಾಗಿ ಬರುವ ತನಕ ಬೇರೆ ಯಾವ ರೋಗಿಯ ಬಳಿಯೂ ಹೋಗುವಂತಿಲ್ಲ. ಈ ಸುದ್ದಿಯನ್ನು ನರ್ಸು ಬಾಗಿಲಲ್ಲೇ ನಿಂತು ಹೇಳುವಾಗ ಮೇಸ್ತ್ರಿ ಕೇಳಿಸಿಕೊಂಡರು. ಅಂದು ಗಂಜಿಯ ಚಮಚ ಕಿತ್ತುಕೊಳ್ಳಲಿಲ್ಲ, ಬಾಯಿ ತೆರೆದರು.

ಸೋಮವಾರ ಪಟ್ಟಿ ಬಿಚ್ಚಿದಾಗ ವಾಸನೆ ಕಡಿಮೆಯಾಗಿತ್ತು. ಮೊದಲು ತಿಳಿದದ್ದು ಮೇಸ್ತ್ರಿಯ ಮೂಗಿಗೇ. ಉರಿ ಮಾತ್ರ ಜೋರಾಗಿತ್ತು. ಹನಿ ಬಿಟ್ಟ ಮೇಲೆ ಅರ್ಧ ಗಂಟೆ ಹಲ್ಲು ಕಚ್ಚಿ, ಎಡಗೈಯಿಂದ ಲಾನ್‌ಮೇಯ ಮಣಿಕಟ್ಟನ್ನು ನೀಲಿಗಟ್ಟುವಂತೆ ಹಿಡಿಯುತ್ತಿದ್ದರು. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಚಹಾ ಸುರಿ ಎಂದು ಅವರೂ ಕೇಳಲಿಲ್ಲ. ಬುಧವಾರದ ಹೊತ್ತಿಗೆ ಅಂಗೈಯ ಊತ ಇಳಿದು ಹಳೆಯ ಗೆರೆಗಳು ಕಾಣಿಸಿದವು.

ಕಿರುಬೆರಳು, ಅದರ ಪಕ್ಕದ ಬೆರಳು ಮಾತ್ರ ಉಳಿಯಲಿಲ್ಲ. ತಡವಾಗಿತ್ತು. ಶುಕ್ರವಾರ ಅವೆರಡನ್ನು ತೆಗೆದರು. ಕೈ ಉಳಿಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಅಲುಗುತ್ತವೆ ಎಂದು ಡಾಕ್ಟರ್ ಬಿಯಾನ್ ಒಂದೊಂದನ್ನೇ ಮುಟ್ಟಿ ತೋರಿಸಿದರು.

"ಮೂರು ಬೆರಳಲ್ಲಿ ಎಲೆ ಹುರಿಯೋಕಾಗುತ್ತಾ ಮೇಸ್ತ್ರಿಗಳೇ?"

"ಗೊತ್ತಿಲ್ಲ. ಯಾರೂ ಮಾಡಿದ್ದು ನಾನು ನೋಡಿಲ್ಲ."

ಕ್ರಿಮಿ ಇನ್ನೂ ಪೂರ್ತಿ ಹೋಗಿರಲಿಲ್ಲ, ನೀಲಿ ಚೀಟಿ ಬಾಗಿಲ ಮೇಲೇ ಇತ್ತು. ಡಾಕ್ಟರು ಹೊರಟ ಮೇಲೆ ಕೋಣೆಯಲ್ಲಿ ಮತ್ತೆ ಇಬ್ಬರೇ. ಮೇಸ್ತ್ರಿ ಕಿಟಕಿಯ ಕಡೆ ನೋಡುತ್ತ, ಮಾತು ಬಿಟ್ಟು ಒಂಬತ್ತನೆಯ ದಿನ, ಅಂದರು:

"ನಿನ್ನ ಪರೀಕ್ಷೆ ಏನು ಬಂತು?"

"ಇವತ್ತಿಂದೂ ಕೆಟ್ಟದ್ದೇ."

"ನಂದೂ." ಪಟ್ಟಿ ಕಟ್ಟಿದ ಕೈಯನ್ನು ತಿರುಗಿಸಿ ನೋಡಿ, "ನೀನು ಒಂದು ದಿನ ಮೊದಲೇ ಹೇಳಿದ್ರೆ ಒಂದು ಬೆರಳಾದ್ರೂ ಉಳೀತಿತ್ತು."

"ಚಹಾ ಸುರಿ ಅಂತ ನೀವು ಕೇಳದೆ ಇದ್ದಿದ್ರೆ ಎರಡೂ ಉಳೀತಿದ್ವು."

ಐದೂವರೆಗೆ ಊಟದ ತಟ್ಟೆ ಬಂತು, ಉಂಡರು. ಲಾನ್‌ಮೇ ಬಚ್ಚಲಿನಿಂದ ಬೋಗುಣಿಯಲ್ಲಿ ಬಿಸಿನೀರು ತಂದು ಮಂಚದ ಪಕ್ಕ ನೆಲದ ಮೇಲಿಟ್ಟಳು. ಮೊಣಕೈ ಅದ್ದಿ ಬಿಸಿ ನೋಡಿದಳು, ಒಂದು ಚೊಂಬು ತಣ್ಣೀರು ಬೆರೆಸಿದಳು. ಮೇಸ್ತ್ರಿ ಮಂಚದ ಅಂಚಿಗೆ ಸರಿದು ಪಾದಗಳನ್ನು ಇಳಿಬಿಟ್ಟರು. ಅವಳು ನೆಲದ ಮೇಲೆ ಕುಳಿತು ಹಿಮ್ಮಡಿ, ಬೆರಳ ಸಂದು ಎಲ್ಲವನ್ನೂ ಸೋಪು ಹಾಕಿ ಉಜ್ಜಿದಳು, ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿದಳು. ಆಮೇಲೆ ನೀರನ್ನು ಬಚ್ಚಲಿಗೆ ಸುರಿದು, ಬೋಗುಣಿಗೆ ಬ್ಲೀಚಿಂಗ್ ನೀರು ತುಂಬಿ ನೆನೆಯಲು ಬಿಟ್ಟಳು.